ಬೊಗಳಿದನೇ, ಗದರಿದನೇ?

ಪ್ರಶ್ನೆ: ಇಂಗ್ಲಿಷ್ ಕಥೆಗಳಲ್ಲಿ ಸಿಟ್ಟಿಗೆದ್ದ ಪಾತ್ರಗಳು ಮಾತಾಡುವಾಗ ‘ಬಾರ್ಕ್’, ‘ಗ್ರೌಲ್’, ‘ಸ್ನಾರ್ಲ್’, ‘ಸ್ನ್ಯಾಪ್’, ‘ಹಿಸ್’ ಎಂಬ ಪದಗಳು ಬರುತ್ತವೆ. ಪ್ರಾಣಿಗಳ ದನಿಯನ್ನು ಮನುಷ್ಯರಿಗೆ ಹೇಳಿದರೆ ಅವಮಾನವಾಗುವುದಿಲ್ಲವೇ? ಇವುಗಳೊಳಗಿನ ವ್ಯತ್ಯಾಸವೇನು? ‘ದ ಕ್ಯಾಪ್ಟನ್ ಬಾರ್ಕ್ಡ್ ಆ್ಯನ್ ಆರ್ಡರ್’ ಎಂಬುದನ್ನು ನಾನು ‘ಕ್ಯಾಪ್ಟನ್ ಆಜ್ಞೆಯೊಂದನ್ನು ಬೊಗಳಿದ’ ಎಂದು ಅನುವಾದಿಸಿದ್ದೆ, ಸ್ನೇಹಿತರೊಬ್ಬರು ತಪ್ಪೆಂದರು.

ಉತ್ತರ: ನಿಮ್ಮ ಸ್ನೇಹಿತರ ಮಾತು ಸರಿ. ‘ಏನು ಬೊಗಳುತ್ತಿದ್ದೀಯ’ ಎಂದು ಕನ್ನಡದಲ್ಲಿ ಕೇಳಿದಾಗ ಅಲ್ಲಿರುವುದು ಆಡಿದವನ ದನಿಯ ವರ್ಣನೆಯಲ್ಲ, ಕೇಳಿದವನ ತಿರಸ್ಕಾರ. ಪಿಸುಗುಟ್ಟಿದ ಮಾತನ್ನೂ ‘ಬೊಗಳಿದ’ ಎಂದು ಹೀಗಳೆಯಲು ನಮಗೆ ಸಾಧ್ಯ. ಇಂಗ್ಲಿಷಿನ ‘ಬಾರ್ಕ್’ ಮುಖ್ಯವಾಗಿ ದನಿಯನ್ನೇ ಹೇಳುತ್ತದೆ. ನಾಯಿ ಒಂದೊಂದೇ ಸಲ ಗಟ್ಟಿಯಾಗಿ, ತುಂಡು ತುಂಡಾಗಿ ಬೊಗಳುವಂತೆ, ‘ನಿಲ್ಲು!’, ‘ಸಾಲಿಗೆ ಬಾ!’ ಎಂದು ಗಡಸಾಗಿ ಹೊಮ್ಮುವ ಮಾತು ಅದು. ಆದ್ದರಿಂದಲೇ ಅಪ್ಪಣೆ ಮಾಡುವ ಅಧಿಕಾರವುಳ್ಳವರಿಗೆ ಅದು ಹೆಚ್ಚು ಒಪ್ಪುತ್ತದೆ. ನಿಮ್ಮ ವಾಕ್ಯವನ್ನು ‘ಕ್ಯಾಪ್ಟನ್ ಗದರುವ ದನಿಯಲ್ಲಿ ಆಜ್ಞೆ ಮಾಡಿದ’ ಎಂದು ತಿದ್ದಿಕೊಳ್ಳಿ.

‘ಗ್ರೌಲ್’ ಮತ್ತು ‘ಸ್ನಾರ್ಲ್’ ಪದಗಳನ್ನು ಬೇರ್ಪಡಿಸಲು, ಊಟದ ತಟ್ಟೆಯ ಬಳಿ ಅಪರಿಚಿತರು ಬಂದಾಗ ನಾಯಿ ಏನು ಮಾಡುತ್ತದೆಂದು ನೆನೆಸಿಕೊಳ್ಳಿ. ಮೊದಲು ತಲೆಯೆತ್ತದೆ, ಬಾಯಿ ತೆರೆಯದೆ, ಗಂಟಲಿನಲ್ಲೇ ಗುರ್ ಎನ್ನುತ್ತದೆ; ಅದು ‘ಗ್ರೌಲ್’, ನಮ್ಮ ಗುರುಗುಟ್ಟುವಿಕೆ. ಮತ್ತೂ ಹತ್ತಿರ ಬಂದರೆ ಮೇಲ್ದುಟಿ ಸುಕ್ಕಾಗಿ ಮೇಲೇರುತ್ತದೆ, ಕೋರೆಹಲ್ಲು ಕಾಣುತ್ತದೆ, ದನಿ ಹಲ್ಲುಗಳ ನಡುವಿನಿಂದ ಬರುತ್ತದೆ, ಅದು ‘ಸ್ನಾರ್ಲ್’. ಮನುಷ್ಯರ ಮಾತಿನಲ್ಲೂ ಹಾಗೆಯೇ: ಮೊದಲನೆಯದರಲ್ಲಿ ಅಸಮಾಧಾನ, ಎರಡನೆಯದರಲ್ಲಿ ಬೆದರಿಕೆ ಮತ್ತು ದ್ವೇಷ. ‘ಹಲ್ಲು ಮಸೆಯುತ್ತ ಹೇಳಿದ’ ಎಂದರೆ ‘ಸ್ನಾರ್ಲ್’ ಬಹುಮಟ್ಟಿಗೆ ಕನ್ನಡಕ್ಕೆ ಬಂದಂತಾಯಿತು. ಸಿಕ್ಕುಗಟ್ಟಿದ ದಾರಕ್ಕೆ, ವಾಹನ ದಟ್ಟಣೆಗೆ ಹೇಳುವ ‘ಸ್ನಾರ್ಲ್’ ಬೇರೆಯದೇ ಪದ; ಅದರ ಮೂಲ ಉರುಲು ಎಂಬ ಅರ್ಥದ ‘ಸ್ನೇರ್’.

‘ಸ್ನ್ಯಾಪ್’ ನನಗೆ ಇವುಗಳಲ್ಲೆಲ್ಲ ಅತ್ಯಂತ ಮಾನವೀಯವಾದ ಪದವೆನಿಸುತ್ತದೆ. ಮೂಲದಲ್ಲಿ ಅದು ಗಂಟಲಿನ ದನಿಯಲ್ಲ, ಪ್ರಾಣಿ ತಟ್ಟನೆ ಬಾಯಿ ಹಾಕಿ ಕಚ್ಚಹೋಗುವ ಕ್ರಿಯೆ. ದಣಿದಿರುವ ತಾಯಿ ಮಗುವಿನ ಹತ್ತನೆಯ ಪ್ರಶ್ನೆಗೆ ‘ಸುಮ್ಮನಿರು ಅಂದೆನಲ್ಲ!’ ಎಂದು ಸಿಡುಕುತ್ತಾಳೆ, ಮರುಕ್ಷಣ ಪಶ್ಚಾತ್ತಾಪಪಡುತ್ತಾಳೆ. ಆ ಸಿಡುಕಿನಲ್ಲಿ ಹಗೆಯಿಲ್ಲ, ಸಹನೆ ಮುಗಿದಿದೆ ಅಷ್ಟೇ. ಇಲ್ಲಿ ‘ಸ್ನಾರ್ಲ್’ ಎಂದು ಬರೆದರೆ ಆ ತಾಯಿಗೆ ಅನ್ಯಾಯವಾಗುತ್ತದೆ. ಯಾರ ಮೇಲೆ ಸಿಡುಕಿದ್ದು ಎಂದು ಹೇಳಬೇಕಾದರೆ ‘ಸ್ನ್ಯಾಪ್ಡ್ ಆ್ಯಟ್’ ಎಂದು ‘ಆ್ಯಟ್’ ಸೇರಿಸುವುದನ್ನು ಮರೆಯಬೇಡಿ. ಅದಿಲ್ಲದೆ ನೇರವಾಗಿ ವಸ್ತುವಿನ ಹೆಸರು ಬಂದರೆ ಪಟ್ಟನೆ ಮುರಿದ ಎಂಬ ಅರ್ಥ ಬಂದೀತು.

‘ಹಿಸ್’ ಹಾವಿನ ಬುಸುಗುಟ್ಟುವಿಕೆ. ವಿಶೇಷವೆಂದರೆ ಇದು ಗಟ್ಟಿದನಿಯಲ್ಲ; ಪಕ್ಕದವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ, ಆದರೆ ತಗ್ಗದ ಕೋಪ. ಸಕಾರ, ಶಕಾರಗಳೇ ಇಲ್ಲದ ಮಾತಿಗೆ ‘ಹಿಸ್’ ಬಳಸಬಾರದೆಂದು ಕೆಲವರು ಆಕ್ಷೇಪಿಸುತ್ತಾರೆ. ಅಷ್ಟು ಬಿಗಿ ಬೇಕಿಲ್ಲವೆಂದು ನನ್ನ ಅಭಿಪ್ರಾಯ; ಬಿಸಿಯುಸಿರಿನ ಪಿಸುಮಾತಾಗಿದ್ದರೆ ಸಾಕು.

ಗೂಳಿಯ ಗುಟುರಾದ ‘ಬೆಲೋ’, ಸಿಂಹದ ಗರ್ಜನೆಯಾದ ‘ರೋರ್’ ನೀವು ಕೇಳದಿದ್ದರೂ ಇದೇ ಬಳಗದವು. ಅವು ಕೋಪಕ್ಕೇ ಮೀಸಲಲ್ಲ: ನೋವಿನಿಂದ ‘ಬೆಲೋ’ ಮಾಡಬಹುದು, ನಗುತ್ತಲೂ ‘ರೋರ್’ ಮಾಡಬಹುದು.

ಇನ್ನು ಅವಮಾನದ ಮಾತು. ಕಥೆಯಲ್ಲಿ ಇವು ಸಹಜವಾದರೂ, ಯಾವುದೂ ಹೊಗಳಿಕೆಯಲ್ಲ. ನಿಜವಾದ ವ್ಯಕ್ತಿಯೊಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ‘ಬಾರ್ಕ್ಡ್’, ‘ಸ್ನಾರ್ಲ್ಡ್’ ಎಂದರೆ ಅದನ್ನು ಓದುವವರಿಗೆ ನಡೆದ ಸಂಗತಿಗಿಂತ ನಿಮ್ಮ ಸಿಟ್ಟೇ ಮೊದಲು ಕಾಣುತ್ತದೆ. ಅಲ್ಲಿ ‘ಶೌಟೆಡ್’ ಎಂದು ಬರೆದು, ಆಡಿದ ಮಾತನ್ನು ಇದ್ದಂತೆಯೇ ಉದ್ಧರಿಸಿ.