ವೆಬ್‌ಸೈಟ್, ಆ್ಯಪಿನ ಬಣ್ಣದ ಕೋಡ್ ಪ್ರತಿ ಸಲ ಬೇರೆ ಬರ್ತದೆ, ಸರಿಯಾದದ್ದನ್ನ ಹಿಡಿಯೋದು ಹೇಗೆ?

ಕಿನ್ನಾಳ ಗೊಂಬೆ ಮಾರೋಕೆ ಸಣ್ಣ ವೆಬ್‌ಸೈಟ್ ಮಾಡ್ತಿದ್ದೀರಿ, ಒಂದು ಆ್ಯಪಿನ ಹಸಿರು ಬಟನ್ ನಿಮಗೆ ಹಿಡಿಸಿದೆ, ಅದರ ಸ್ಕ್ರೀನ್‌ಶಾಟನ್ನ ಕಂಪ್ಯೂಟರಿಗೆ ಹಾಕಿಕೊಂಡು ಮೂರು ಸಲ ಕಲರ್ ಪಿಕರ್ (ಇಟ್ಟ ಜಾಗದ ಬಣ್ಣದ ಕೋಡ್ ಓದೋ ಸಾಧನ) ಇಟ್ಟರೆ ಮೂರು ಕೋಡ್ ಬಂದವು, ಯಾವುದು ನಿಜ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳಿಗೆ ಲೇಬಲ್, ಟ್ಯಾಗ್ ಡಿಸೈನ್ ಮಾಡಿಕೊಡ್ತೀನಿ. ಇದೇ ತೊಂದರೆಯಲ್ಲಿ ದುಡ್ಡು ಕಳಕೊಂಡಿದ್ದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ಮಾತು. ಆ ಸ್ಕ್ರೀನ್‌ಶಾಟ್ ಫೋನಿನಿಂದ ಕಂಪ್ಯೂಟರಿಗೆ ಹೇಗೆ ಬಂತು? ವಾಟ್ಸ್ಆ್ಯಪಿನಲ್ಲಿ ಫೋಟೋ ಅಂತ ಕಳಿಸಿದ್ದರೆ ಬಣ್ಣ ಕೆಟ್ಟಿದ್ದು ಬಹುತೇಕ ಅಲ್ಲೇ. ಅದು ಚಿತ್ರವನ್ನ ಜೆಪೆಗ್ ಮಾಡಿ ಒತ್ತಿ ಚಿಕ್ಕದು ಮಾಡ್ತದೆ. ಜೆಪೆಗ್ ಬೆಳಕು-ನೆರಳನ್ನ ಜೋಪಾನವಾಗಿ ಇಟ್ಟುಕೊಳ್ತದೆ, ಬಣ್ಣದ ವಿಷಯದಲ್ಲಿ ಮಾತ್ರ ಕೈ ಬಿಗಿ: ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ ಉಳಿಸ್ತದೆ. ನಮ್ಮ ಕಣ್ಣಿಗೆ ಅದು ತಿಳಿಯೋದಿಲ್ಲ, ಪಿಕರಿಗೆ ತಿಳೀತದೆ. ಅದೇ ಚಿತ್ರವನ್ನ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಕೇಬಲ್ ಹಾಕಿ ತಗೊಳ್ಳಿ. ಫೈಲ್ ಪಿಎನ್‌ಜಿ (ಬಣ್ಣ ಕೆಡಿಸದೆ ಚಿತ್ರ ಉಳಿಸೋ ರೀತಿ) ಆಗಿದೆಯಾ ನೋಡಿ. ಕೆಲವು ಫೋನ್‌ಗಳು ಸ್ಕ್ರೀನ್‌ಶಾಟನ್ನೇ ಜೆಪೆಗ್ ಆಗಿ ಉಳಿಸ್ತವೆ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು.

ಎರಡನೇ ಕಾರಣ, ಪಿಕರ್ ಇಟ್ಟ ಜಾಗ. ಅಕ್ಷರದ ಅಂಚು, ದುಂಡು ಬಟನ್ನಿನ ಮೂಲೆ, ನೆರಳು, ಇಲ್ಲೆಲ್ಲ ಎರಡು ಬಣ್ಣ ಬೆರೆತ ಪಿಕ್ಸೆಲ್‌ಗಳೇ ಇರ್ತವೆ. ಪೂರ್ತಿ ಜೂಮ್ ಮಾಡಿ ಬಟನ್ನಿನ ನಡುವೆ, ಅಕ್ಷರ ಇಲ್ಲದ ಕಡೆ ಇಡಿ. ಎಡಕ್ಕೊಂದು, ಬಲಕ್ಕೊಂದು, ಮೇಲೊಂದು, ಕೆಳಗೊಂದು ಸಲ ನೋಡಿ. ನಾಲ್ಕೂ ಒಂದೇ ಬಂದರೆ ಅದೇ ಬಣ್ಣ. ಕ್ರಮವಾಗಿ ಏರ್ತಾ ಇಳೀತಾ ಹೋದರೆ ಅದು ಗ್ರೇಡಿಯಂಟ್, ಅದಕ್ಕೆ ಒಂದೇ ಕೋಡ್ ಅಂತ ಇರೋದೇ ಇಲ್ಲ. ಎರಡು ತುದಿಯ ಕೋಡ್ ಬರೆದಿಟ್ಟುಕೊಳ್ಳಬೇಕು.

ಆದರೆ ವೆಬ್‌ಸೈಟ್ ಆಗಿದ್ದರೆ ಸ್ಕ್ರೀನ್‌ಶಾಟ್ ಯಾಕೆ? ಬಣ್ಣವನ್ನ ಅಲ್ಲಿ ಅಕ್ಷರದಲ್ಲೇ ಬರೆದಿಟ್ಟಿರ್ತಾರೆ. ಕ್ರೋಮ್‌ನಲ್ಲಿ ಬಟನ್ ಮೇಲೆ ರೈಟ್ ಕ್ಲಿಕ್, ಇನ್ಸ್‌ಪೆಕ್ಟ್. ಬಲಗಡೆ ಸ್ಟೈಲ್ಸ್ ಅಂತ ಇರೋ ಕಡೆ ಬ್ಯಾಕ್‌ಗ್ರೌಂಡ್-ಕಲರ್ ಎದುರಿಗೆ ಪುಟ್ಟ ಬಣ್ಣದ ಚೌಕ, ಪಕ್ಕದಲ್ಲೇ ಕೋಡ್. ಶಿಫ್ಟ್ ಒತ್ತಿ ಆ ಚೌಕವನ್ನ ಕ್ಲಿಕ್ ಮಾಡಿದರೆ ಕೋಡ್ ಬರೆಯೋ ರೀತಿ ಬದಲಾಗ್ತದೆ. ಅಲ್ಲಿ ಕೋಡ್ ಬದಲು ಯಾವುದೋ ವೇರಿಯೆಬಲ್ ಹೆಸರು ಇದ್ದರೆ ಕಂಪ್ಯೂಟೆಡ್ ಅನ್ನೋ ಟ್ಯಾಬಿಗೆ ಹೋಗಿ, ಕೊನೆಗೆ ನಿಂತ ಕೋಡ್ ಅಲ್ಲಿ ಸಿಗ್ತದೆ. ಲೋಗೋ ಎಸ್‌ವಿಜಿ ಫೈಲ್ (ಚಿತ್ರವನ್ನ ಅಕ್ಷರದಲ್ಲೇ ಬರೆದಿಡೋ ಫೈಲ್) ಆಗಿದ್ದರೆ ಇನ್ನೂ ಸುಲಭ: ನೋಟ್‌ಪ್ಯಾಡಿನಲ್ಲಿ ತೆರೆದು ಫಿಲ್ (fill) ಅಂತ ಹುಡುಕಿ.

ಕೋಡ್ ಓದೋದು ಬಂದರೆ ಅರ್ಧ ಗೊಂದಲ ತಾನಾಗಿ ಹೋಗ್ತದೆ. #138808 ತಗೊಳ್ಳಿ. ಇದರಲ್ಲಿ ಎರಡೆರಡು ಅಂಕಿಯ ಮೂರು ಜೋಡಿ: ಕೆಂಪು 13, ಹಸಿರು 88, ನೀಲಿ 08. ಇವು ಹದಿನಾರರ ಲೆಕ್ಕದವು, ನಮ್ಮ ಹತ್ತರ ಲೆಕ್ಕದಲ್ಲಿ 19, 136, 8. ಒಂದೊಂದೂ 0ಯಿಂದ 255ರವರೆಗೆ ಇರಬಹುದು, ಹಂಗಾಗಿ ಒಟ್ಟು 1,67,77,216 ಬಣ್ಣ. ಈಗ ನಿಮ್ಮ ಮೂರು ಕೋಡ್ ಪಕ್ಕಪಕ್ಕ ಬರೆದು ನೋಡಿ. ಒಂದೆರಡು ಅಂಕಿಯಷ್ಟೇ ಆಚೀಚೆ ಇದ್ದರೆ ಅದು ಜೆಪೆಗ್ ಕೆಲಸ. ಮೂರೂ ಜೋಡಿ ಬಹಳ ದೂರ ಇದ್ದರೆ ಅಂಚಿನಲ್ಲಿ ಪಿಕರ್ ಇಟ್ಟಿದ್ದೀರಿ, ಅಥವಾ ಒಂದು ಸಲ ಡಾರ್ಕ್ ಮೋಡ್ ಇತ್ತು.

ಇನ್ಸ್‌ಪೆಕ್ಟ್‌ನಲ್ಲೂ ಒಂದು ಕಡೆ ಎಡವೋ ಸಾಧ್ಯತೆ ಇದೆ, ಪಾರದರ್ಶಕ ಬಣ್ಣ. ಕೋಡಿನಲ್ಲಿ ಕಪ್ಪು, ಪಕ್ಕದಲ್ಲಿ 0.6 ಅಂತ, ಅಂದರೆ ಬಣ್ಣ 60 ಶೇಕಡಾ ಮಾತ್ರ ಗಟ್ಟಿ ಅಂತ ಬರೆದಿರ್ತಾರೆ ಅಂದುಕೊಳ್ಳಿ. ಬಿಳಿ ಹಿನ್ನೆಲೆ ಮೇಲೆ ಅದು ಕಪ್ಪಾಗಿ ಕಾಣೋದಿಲ್ಲ. ಹಿಂದಿನ ಬಿಳಿ 40 ಶೇಕಡಾ ಹಾಯ್ದು ಬಂದು, 255ರ 0.4 ಪಾಲು ಅಂದರೆ 102 (ಹದಿನಾರರ ಲೆಕ್ಕದಲ್ಲಿ 66) ಆಗಿ, #666666 ಬೂದು ಕಾಣ್ತದೆ. ಅದೇ ಕಪ್ಪನ್ನ ಹಳದಿ ಮೇಲೆ ಇಟ್ಟರೆ ಬೇರೆಯೇ ಬಣ್ಣ. ಇಂಥ ಕಡೆ ಬರೆದಿಟ್ಟ ಕೋಡ್ ಬೇರೆ, ಕಾಣೋ ಕೋಡ್ ಬೇರೆ, ಎರಡೂ ಸರಿ. ನಿಮಗೆ ಬೇಕಾಗಿದ್ದು ಕಾಣೋದು ಆದರೆ ಐಡ್ರಾಪರ್ ಬಳಸಿ, ಅಂದರೆ ಪರದೆಯಿಂದಲೇ ಬಣ್ಣ ಓದೋ ಪಿಕರ್. ಫೈರ್‌ಫಾಕ್ಸ್‌ನಲ್ಲಿ ಅದು ಒಳಗೇ ಇದೆ, ವಿಂಡೋಸಿಗೆ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಪುಕ್ಕಟೆ ಸಿಗ್ತದೆ. ವಿಂಡೋಸ್, ಶಿಫ್ಟ್, ಸಿ ಒತ್ತಿದರೆ ಪರದೆಯ ಮೇಲೆ ಎಲ್ಲಿ ಬೇಕಾದರೂ ಪಿಕರ್ ಓಡಾಡ್ತದೆ. ಮ್ಯಾಕ್‌ನ ಡಿಜಿಟಲ್ ಕಲರ್ ಮೀಟರ್ ಬಳಸೋರು ಎಸ್‌ಆರ್‌ಜಿಬಿ (ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸೋ ಬಣ್ಣದ ಲೆಕ್ಕ) ಆಯ್ಕೆ ಮಾಡಿಕೊಂಡು ಓದಬೇಕು, ಇಲ್ಲದಿದ್ದರೆ ಆ ಪರದೆಯ ಸ್ವಂತ ಲೆಕ್ಕ ತೋರಿಸ್ತದೆ.

ಆ್ಯಪಿಗೆ ಇನ್ಸ್‌ಪೆಕ್ಟ್ ಇಲ್ಲ, ಪಿಎನ್‌ಜಿ ಸ್ಕ್ರೀನ್‌ಶಾಟೇ ಗತಿ. ಅದಕ್ಕೂ ಮುಂಚೆ ಆ ಕಂಪನಿಯ ಸೈಟಿನಲ್ಲಿ ಬ್ರ್ಯಾಂಡ್ ಗೈಡ್‌ಲೈನ್ಸ್ ಅಂತ ಪುಟ ಇದೆಯಾ ಹುಡುಕಿ. ದೊಡ್ಡ ಕಂಪನಿಗಳು ಬಹಳಷ್ಟು ಸಲ ತಮ್ಮ ಬಣ್ಣದ ಕೋಡನ್ನ ತಾವೇ ಪ್ರಕಟಿಸಿರ್ತವೆ.

ಎದುರಿಗೆ ಇನ್ನೊಂದು ಫೋನ್ ಹಿಡಿದು ಪರದೆಯ ಫೋಟೋ ತೆಗೆಯೋದು ಮಾತ್ರ ಬೇಡವೇ ಬೇಡ. ನನ್ನ ನಷ್ಟ ಆಗಿದ್ದು ಹಂಗೇ. ಒಬ್ಬ ಗಿರಾಕಿ ತಮ್ಮ ವೆಬ್‌ಸೈಟಿನ ನೀಲಿಯನ್ನ ಫೋಟೋ ಹೊಡೆದು ಕಳಿಸಿದರು, ನಾನು ಅದಕ್ಕೇ ಪಿಕರ್ ಇಟ್ಟೆ. ಎರಡು ಸಾವಿರ ಟ್ಯಾಗ್ ಅಚ್ಚಾಗಿ ಬಂದವು. ಅವರು ಒಂದನ್ನ ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ಹೋಗಿ ನೋಡಿ, "ಅಣ್ಣ, ಇದು ನೇರಳೆ" ಅಂದರು. ನಿಜ, ನೇರಳೆಯೇ. ಅಲ್ಲಿ ಎರಡು ತಪ್ಪು ಸೇರಿದ್ದವು. ಕ್ಯಾಮೆರಾ ತನ್ನ ಅಂದಾಜಿನಲ್ಲಿ ಬಿಳಿಯನ್ನ ತಿದ್ದಿ ಎಲ್ಲಾ ಬಣ್ಣ ಸರಿಸಿತ್ತು, ಅದು ಒಂದು. ಪರದೆ ಬೆಳಕಿನಿಂದ ಬಣ್ಣ ಮಾಡ್ತದೆ, ಅಚ್ಚು ಸಯಾನ್ (ತಿಳಿ ನೀಲಿ), ಮಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು ಇಂಕಿನಿಂದ ಮಾಡ್ತದೆ, ಪರದೆಯ ಕಡು ನೀಲಿ ಇಂಕಿಗೆ ಸಿಕ್ಕೋದೇ ಇಲ್ಲ, ಅದು ಇನ್ನೊಂದು. ಮಜೆಂಟಾ ಹೆಚ್ಚಾದರೆ ನೀಲಿ ನೇರಳೆ ಆಗ್ತದೆ, ಅದಕ್ಕೆ ಅವತ್ತಿನಿಂದ ನೀಲಿ ಬಂದರೆ ಮಜೆಂಟಾವನ್ನ ಸಯಾನ್‌ಗಿಂತ ಕನಿಷ್ಠ 30 ಶೇಕಡಾ ಅಂಶ ಕೆಳಗೇ ಇಡ್ತೀನಿ, ಒಂದು ಸ್ಯಾಂಪಲ್ ಅಚ್ಚು ಹಾಕಿಸಿ ಗಿರಾಕಿ ಕೈಗೆ ಕೊಟ್ಟ ಮೇಲೇ ಮುಂದಿನ ಮಾತು. ನಿಮ್ಮ ಗೊಂಬೆ ಡಬ್ಬಿಗೂ ಇದೇ ಹಸಿರು ಅಚ್ಚು ಮಾಡಿಸೋ ಯೋಚನೆ ಇದ್ದರೆ ಈಗಲೇ ಒಂದು ಸ್ಯಾಂಪಲ್ ನೋಡಿ. ಹೊಳೆಯೋ ಹಸಿರೂ ಅಚ್ಚಿನಲ್ಲಿ ಮಂಕಾಗ್ತದೆ.

ಕೋಡ್ ಸರಿಯಾಗಿ ಸಿಕ್ಕ ಮೇಲೂ ನಿಮ್ಮ ಸೈಟಿನಲ್ಲಿ ಹಾಕಿದಾಗ "ಇದು ಆ ಹಸಿರಲ್ಲ" ಅನಿಸಬಹುದು. ಆಗ ಕೋಡ್ ಬದಲಿಸೋಕೆ ಹೋಗಬೇಡಿ, ಸುತ್ತಲಿನ ಬಣ್ಣ ನೋಡಿ. ಪ್ಯಾರಿಸ್ಸಿನ ಗೋಬ್ಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ತಿದ್ದ ಶೆವ್ರೂಲ್ ಅನ್ನೋ ರಸಾಯನಶಾಸ್ತ್ರಜ್ಞರಿಗೆ ಇದೇ ದೂರು ಬಂದಿತ್ತು, ಕಪ್ಪು ನೂಲು ಸರಿ ಇಲ್ಲ ಅಂತ. ನೂಲು ಸರಿಯಾಗೇ ಇತ್ತು, ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನ ಕೆಡಿಸ್ತಿತ್ತು. 1839ರಲ್ಲಿ ಅವರು ಅದನ್ನೆಲ್ಲ ವಿವರವಾಗಿ ಪ್ರಕಟಿಸಿದರು. ಬಿಳಿ ನಡುವೆ ಶಾಂತವಾಗಿ ಕಾಣೋ ಹಸಿರನ್ನ ಕಿನ್ನಾಳದ ಕೆಂಪಿನ ಪಕ್ಕ ಇಟ್ಟರೆ ಅದು ಕೂಗ್ತದೆ. ಅದಕ್ಕೆ ಬಟನ್ ಒಂದರದ್ದೇ ಅಲ್ಲ, ಆ ಆ್ಯಪಿನ ಹಿನ್ನೆಲೆ, ಅಕ್ಷರ, ಗೆರೆ, ಇವುಗಳ ಕೋಡೂ ತೆಗೆದಿಟ್ಟುಕೊಳ್ಳಿ.

ನನ್ನ ಮನಸ್ಸಿನ ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಕಿನ್ನಾಳ ಗೊಂಬೆ ಮಾಡೋ ಚಿತ್ರಗಾರರ ಮನೆಯ ಗೊಂಬೆ ಎದುರಿಗಿದ್ದಾಗ ಬಣ್ಣವನ್ನ ಬೇರೆಯವರ ಆ್ಯಪಿನಿಂದ ಯಾಕೆ ತರಬೇಕು? ಒಂದು ಗೊಂಬೆಯನ್ನ ಬೆಳಿಗ್ಗೆ ಪಡಸಾಲೆಯ ನೆರಳಲ್ಲಿ ಬಿಳಿ ಹಾಳೆ ಮೇಲೆ ಇಡಿ, ನೇರ ಬಿಸಿಲು ಬೇಡ, ಟ್ಯೂಬ್‌ಲೈಟ್ ಆರಿಸಿ. ಫೋಟೋ ತೆಗೆದು, ಮೊದಲು ಹಾಳೆಗೇ ಪಿಕರ್ ಇಡಿ. ಮೂರೂ ಜೋಡಿ ಹೆಚ್ಚುಕಡಿಮೆ ಸಮ ಬಂದರೆ ಬೆಳಕು ಸರಿ ಇದೆ, ಆಮೇಲೆ ಗೊಂಬೆಯ ಮೇಲೆ ಇಡಿ. ಸಮ ಬರದಿದ್ದರೆ ಎಡಿಟಿಂಗ್ ಆ್ಯಪಿನ ವೈಟ್ ಬ್ಯಾಲೆನ್ಸ್‌ನಲ್ಲಿ ಹಾಳೆಯನ್ನ ಬಿಳಿ ಅಂತ ತೋರಿಸಿ ತಿದ್ದಿಕೊಳ್ಳಿ. ಗೊಂಬೆ ಹೊಳೆಯೋ ಜಾಗ ಬಿಟ್ಟು ಪಕ್ಕದಲ್ಲಿ ಇಡಬೇಕು, ಹೊಳಪಿನಲ್ಲಿ ಬಣ್ಣ ಬೆಳ್ಳಗೆ ಬರ್ತದೆ.

ನಿಮ್ಮ ಮೂರು ಕೋಡ್‌ಗಳನ್ನ ಕೆಳಗೆ ಬರೀರಿ, ಪಿಎನ್‌ಜಿ ಇದ್ದರೆ ಅದನ್ನೂ ಹಾಕಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ತೆಗೆದು ನೋಡಿ ಹೇಳ್ತೀನಿ.