ಕೇಳಿದ್ದು ಯಾರನ್ನ, ಸ್ವಾಮಿ?

ಹಲಸೂರಿನ ಓದುಗರೊಬ್ಬರು ಎರಡು ಪುಟ ಬರೆದಿದ್ದಾರೆ. ಕೆರೆ ಪಕ್ಕದ ರಸ್ತೆಯಲ್ಲಿ ಕಲ್ಲು ಕಟ್ಟಿ ಸೈಕಲ್‌ಗೆ ಬೇರೆ ದಾರಿ ಮಾಡಬೇಕು ಅಂತ ಅವರ ನಿವಾಸಿಗಳ ಸಂಘದಲ್ಲಿ ಕೆಲವು ಹುಡುಗರು ಮಾತೆತ್ತಿದರಂತೆ. ಸಂಘದವರು ಜನರ ಅಭಿಪ್ರಾಯ ಕೇಳಿದರು. ಮುಕ್ಕಾಲು ಪಾಲು ಮಂದಿ ಬೇಡ ಅಂದರು. ‘ಜನರೇ ಬೇಡ ಅಂದ ಮೇಲೆ ಮುಗಿಯಿತಲ್ಲ, ನಿಮ್ಮ ಪತ್ರಿಕೆಗೆ ಯಾಕೆ ಈ ಸೈಕಲ್ ಹುಚ್ಚು?’ ಅಂತ ಕೇಳಿದ್ದಾರೆ. ಹೋದ ಸಂಚಿಕೆ ಒದ್ದೆಯಾಗಿ ಬಂತು ಅಂತ ಕೊನೆಗೊಂದು ದೂರು ಬೇರೆ.

ಸ್ವಾಮಿ, ಪತ್ರ ಚೆನ್ನಾಗಿದೆ. ಕೈಬರಹ ಇನ್ನೂ ಚೆನ್ನಾಗಿದೆ, ಈಗ ಹೀಗೆ ಬರೆಯುವವರು ಕಡಿಮೆ. ಆ ಸಲುಗೆಯಿಂದಲೇ ಸ್ವಲ್ಪ ಜಗಳ ಆಡುತ್ತೇನೆ.

ಮೊದಲು ನಿಮ್ಮ ಕಡೆಯ ಮಾತು. ಅಂಗಡಿಯವರು ಸಾಮಾನು ಇಳಿಸಬೇಕು, ಗಿರಾಕಿಗಳು ಗಾಡಿ ನಿಲ್ಲಿಸಬೇಕು. ನಿಜ. ಅದಕ್ಕೊಂದು ಹೊತ್ತು, ಒಂದು ಜಾಗ ಗೊತ್ತು ಮಾಡಿದರೆ ಆಯಿತು.

ಈಗ ಹೇಳಿ, ನಿಮ್ಮ ಸಂಘ ಕೇಳಿದ್ದು ಯಾರನ್ನ? ನೀವೇ ಬರೆದಿದ್ದೀರಿ: ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷಿನ ಫಾರ್ಮು, ಆಮೇಲೆ ಭಾನುವಾರ ಹನ್ನೊಂದಕ್ಕೆ ಸಭೆ, ಸಭೆ ಆದ ಮೇಲೆ ಇಡ್ಲಿ ವಡೆ. ಆ ಗುಂಪಿನಲ್ಲಿ ಇರೋರು ಮನೆ ಮಾಲೀಕರು. ಆ ರಸ್ತೆಯಲ್ಲಿ ದಿನಾ ಸೈಕಲ್ ತುಳಿಯುವವರು ಒಬ್ಬರಾದರೂ ವಡೆ ತಿಂದರಾ?

ನಿಮ್ಮ ಪತ್ರ ಓದಿ ನನಗೆ ತಡೆಯಲಿಲ್ಲ. ಹೋದ ವಾರ ಬೆಳಗ್ಗೆ ಐದೂವರೆಗೆ ಕೆನ್ಸಿಂಗ್ಟನ್ ರಸ್ತೆಯಲ್ಲಿ ಕೆರೆ ಬೇಲಿ ಪಕ್ಕ ಹೋಗಿ ನಿಂತೆ. ಮೊದಲು ಬಂದವನು ಪೇಪರ್ ಹುಡುಗ, ಕ್ಯಾರಿಯರ್ ಮೇಲೆ ಕಟ್ಟು, ಅದನ್ನು ಬಿಗಿದದ್ದು ಹಳೇ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ. ಆಮೇಲೆ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಹ್ಯಾಂಡಲ್‌ಗೆ ನೇತು ಹಾಕಿದ ಟಿಫಿನ್ ಡಬ್ಬಿ ಖಾಲಿ, ಹಳ್ಳ ಸಿಕ್ಕಾಗೆಲ್ಲ ಠಣ್ ಅನ್ನುತ್ತಿತ್ತು. ಹಿಂದೆ ದೊಡ್ಡ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು. ಗಾರೆ ಕೆಲಸಕ್ಕೆ ಹೋಗುವ ಇಬ್ಬರು, ಒಂದೇ ಸೈಕಲ್ಲು. ಬೆಳಕು ಹರಿದ ಮೇಲೆ ಹೆಲ್ಮೆಟ್ ಹಾಕಿಕೊಂಡು ಲಕ್ಷ ರೂಪಾಯಿ ಸೈಕಲ್ಲಿನವರೂ ಬಂದರು. ಅವರ ಚಿಂತೆ ನನಗಿಲ್ಲ, ಅವರು ಫಾರ್ಮು ತುಂಬುತ್ತಾರೆ. ಟೀಯವರನ್ನು ನಿಲ್ಲಿಸಿ, ಇಲ್ಲಿ ಸೈಕಲ್‌ಗೇ ಒಂದು ದಾರಿ ಮಾಡಿದರೆ ಹೇಗೆ ಅಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ‘ಅಲ್ಲಿ ಕಾರು ನಿಲ್ಲಿಸ್ತಾರೆ ಸಾರ್’ ಅಂದರು.

ಈ ಮಾತು ಹೇಳೋಕೆ ಯಾವ ಎಂಜಿನಿಯರೂ ಬೇಕಿಲ್ಲ. ಜಯನಗರದಲ್ಲಿ ರಸ್ತೆ ಬದಿಗೆ ಸೈಕಲ್ ಪಥ ಅಂತ ಗುರುತು ಮಾಡಿದ್ದರಲ್ಲ, ಅದು ಕಾರು ನಿಲ್ಲಿಸುವ ಜಾಗವಾಗಿ ಹೋಯಿತು. 2020ರಲ್ಲಿ, ಕೊರೊನಾ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಪಥ ಮಾಡಿದರು. ಬೈಕಿನವರು ನುಗ್ಗಿದರು, ಆಮೇಲೆ ಮೆಟ್ರೊ ಕೆಲಸ ಬಂತು, ಪಥ ಹೋಯಿತು. ಅದಕ್ಕೇ ಆ ಹುಡುಗರು ಕಲ್ಲು ಕಟ್ಟಿ ಅಂದಿದ್ದು. ಬಣ್ಣ ಬಳಿದರೆ ಕಾರಿನವರಿಗೆ ಅದು ರಂಗೋಲಿ, ಹತ್ತಿಸಿಕೊಂಡು ಹೋಗುತ್ತಾರೆ. ಕಲ್ಲಿದ್ದರೆ ಟೈರಿನ ಭಯ ಇರುತ್ತೆ.

‘ಇದೆಲ್ಲ ವಿದೇಶಕ್ಕೆ ಸರಿ’ ಅಂತಲೂ ಬರೆದಿದ್ದೀರಿ. ಅಲ್ಲೇನು ಸಲೀಸಾಗಿ ಆಯಿತಾ? ಪ್ಯಾರಿಸ್‌ನಲ್ಲಿ ಸೇನ್ ನದಿಯ ಬಲದಂಡೆಗೆ 1967ರಿಂದ ಕಾರುಗಳ ಹೆದ್ದಾರಿ ಇತ್ತು. 2016ರಲ್ಲಿ ಅದರಲ್ಲಿ ಮೂರು ಕಿಲೋಮೀಟರಿಗೂ ಜಾಸ್ತಿ ದೂರ ಕಾರಿನ ಓಡಾಟ ಬಂದ್ ಮಾಡಿ ನಡೆಯುವವರಿಗೆ, ಸೈಕಲ್‌ನವರಿಗೆ ಬಿಟ್ಟರು. ದೊಡ್ಡ ಗಲಾಟೆ. 2018ರಲ್ಲಿ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು, ಪರಿಣಾಮದ ಬಗ್ಗೆ ಜನರ ಮುಂದೆ ಇಟ್ಟ ಲೆಕ್ಕ ಸರಿಯಿಲ್ಲ ಅಂತ. ನಗರಸಭೆಯವರು ಕೈಚೆಲ್ಲಿ ಕೂರಲಿಲ್ಲ. ಬೇರೆ ಕಾರಣ ಕೊಟ್ಟು ಹೊಸ ಆದೇಶ ತಂದರು, ಅದು ಕೋರ್ಟಿನಲ್ಲೂ ನಿಂತಿತು. ನಿಮ್ಮ ಸಂಘ ಒಂದು ಫಾರ್ಮಿಗೇ ಸುಸ್ತಾಗಿ ಹೋಯಿತು.

ನಮ್ಮಪ್ಪನ ಸೈಕಲ್‌ಗೆ ತಗಡಿನ ಬಿಲ್ಲೆ ಇತ್ತು. ವರ್ಷ ವರ್ಷ ಮುನಿಸಿಪಾಲಿಟಿಗೆ ತೆರಿಗೆ ಕಟ್ಟಿ ಹಾಕಿಸಬೇಕು. ರಾತ್ರಿ ಲೈಟಿಲ್ಲದೆ ಹೋದರೆ, ಡಬಲ್ ಹೊಡೆದರೆ, ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ನಾನೂ ಹಿಂದೆ ಕೂತು ಸಿಕ್ಕಿಬಿದ್ದು ಮನೆತನಕ ತಳ್ಳಿದವನೇ. ತೆರಿಗೆ ಕಟ್ಟಿದವರು, ದಂಡ ತೆತ್ತವರು, ಆದರೂ ಅವರದು ಅಂತ ಒಂದು ಮೊಳ ರಸ್ತೆ ಇರಲಿಲ್ಲ. 2006ರಲ್ಲಿ ರಾಷ್ಟ್ರೀಯ ನಗರ ಸಾರಿಗೆ ನೀತಿ ಬಂತು. ರಸ್ತೆಯ ಜಾಗ ಹಂಚುವಾಗ ವಾಹನ ಅಲ್ಲ, ಜನರನ್ನು ನೋಡಬೇಕು ಅಂತ ಅದರಲ್ಲಿದೆ. ನಮ್ಮ ರಾಜ್ಯ ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು. ಒಳ್ಳೇ ಕೆಲಸ. ಆದರೆ ಆ ಮಗು ಸೈಕಲ್ಲನ್ನು ಎಲ್ಲಿ ಓಡಿಸಬೇಕು ಅಂತ ಯಾರೂ ಯೋಚಿಸಲಿಲ್ಲ. ರಸ್ತೆ ಅಗಲ ಮಾಡುವಾಗ, ಮೇಲ್ಸೇತುವೆ ಏರಿಸುವಾಗ, ಫುಟ್‌ಪಾತ್ ಒಂದೊಂದೇ ಅಡಿ ಕಿರಿದಾಗುವಾಗ ನನ್ನ ಮನೆಗೆ ಯಾವ ಫಾರ್ಮೂ ಬರಲಿಲ್ಲ. ನಿಮಗೆ ಬಂತಾ? ಸೈಕಲ್‌ಗೆ ನಾಲ್ಕಡಿ ಕೇಳಿದರೆ ಮಾತ್ರ ಎಲ್ಲರಿಗೂ ಪ್ರಜಾಪ್ರಭುತ್ವ ನೆನಪಾಗುತ್ತೆ. ಗಣೇಶನ್ನ ಬಿಡುವಾಗ ಅದೇ ಕೆರೆ ಸುತ್ತ ಗಾಡಿ ತಡೆದು ಬೇರೆ ಕಡೆ ತಿರುಗಿಸುತ್ತಾರೆ. ಆಗ ನಿಮ್ಮ ಅಂಗಡಿಗಳೇನು ಮುಚ್ಚಿಹೋದವಾ?

ಇನ್ನು ಆ ಒದ್ದೆ ಸಂಚಿಕೆ. ಏಜೆಂಟರಿಗೆ ಫೋನ್ ಮಾಡಿದೆ. ನಿಮ್ಮ ಬೀದಿಗೆ ಹಾಕುವ ಹುಡುಗ ಪಿಯುಸಿ ಓದುತ್ತಾನೆ. ಅವತ್ತು ಕೆರೆ ಪಕ್ಕದಲ್ಲೇ, ನಿಂತಿದ್ದ ಕಾರಿನ ಬಾಗಿಲು ದಿಢೀರ್ ಅಂತ ತೆರೆದುಕೊಂಡು, ಕಟ್ಟಿನ ಸಮೇತ ನೀರಿನ ಗುಂಡಿಗೆ ಬಿದ್ದನಂತೆ. ಮೊಣಕೈ ತರಚಿದೆ. ಒದ್ದೆಯಾಗದ ಪ್ರತಿಗಳನ್ನು ಆಯ್ದು ಹಾಕಿದ್ದಾನೆ, ನಿಮ್ಮ ಮನೆ ಹೊತ್ತಿಗೆ ಒದ್ದೆಯದೇ ಉಳಿದಿತ್ತು. ಬೇರೆ ಪ್ರತಿ ಕಳಿಸಿದ್ದೇನೆ, ಗುರುವಾರ ಅವನೇ ತರುತ್ತಾನೆ. ಬೆಳಗ್ಗೆ ಆರರೊಳಗೆ ಎದ್ದಿದ್ದರೆ ನಿಮ್ಮ ಫಾರ್ಮು ಅವನಿಗೂ ಒಂದು ಕೊಡಿ, ಕನ್ನಡದಲ್ಲಿ.