ಕೇಬಲ್ ತಪ್ಪಲ್ಲ, ಸೈವೇವ್ ಕಿತಾಪತಿ

ಎರಡು ಗೇಮ್‌ಬಾಯ್‌ಗಳನ್ನು (ಕೈಯಲ್ಲಿ ಹಿಡಿದು ಆಡುವ ಯಂತ್ರಗಳು) ಜೋಡಿಸುವ ಕೇಬಲ್ ಬದಲಿಸಲು ಹೋಗಬೇಡಿ. ಅವುಗಳಲ್ಲಿ ಆಡುವ ಪೊಕೆಮಾನ್ ರೆಡ್‌ನಲ್ಲಿ ನಿಮ್ಮ ಪೊಕೆಮಾನ್ ಅಲಕಜಾಮ್ ಸೈವೇವ್ ಎಂಬ ದಾಳಿ ಹೊಡೆದ ಮೇಲೆ ನಿಮ್ಮ ಪರದೆಯಲ್ಲೊಂದು, ಗೆಳೆಯನ ಪರದೆಯಲ್ಲೊಂದು ಆಟ ನಡೆಯಿತು ಅಂದಿರಲ್ಲ, ಉತ್ತರ ಅಲ್ಲೇ ಇದೆ.

ಎರಡೂ ಗೇಮ್‌ಬಾಯ್‌ಗಳು ಕಾಳಗವನ್ನು ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುತ್ತವೆ. ಕೇಬಲ್‌ನಲ್ಲಿ ಹೋಗುವುದು ನೀವು ಆರಿಸಿದ ನಡೆ, ಏಟಿನ ಪ್ರಮಾಣವಲ್ಲ. ಆರಂಭದಲ್ಲಿ ಹಂಚಿಕೊಂಡ ರ‍್ಯಾಂಡಮ್ ಸಂಖ್ಯೆಗಳ ಪಟ್ಟಿಯನ್ನು ಇಬ್ಬರೂ ಒಂದೇ ಕ್ರಮದಲ್ಲಿ ಬಳಸುವುದರಿಂದಲೇ ಫಲಿತಾಂಶ ಹೊಂದುತ್ತದೆ. ಸೈವೇವ್ ಈ ಹೊಂದಾಣಿಕೆ ಮುರಿಯುತ್ತದೆ. ಅದರಲ್ಲಿ ಪಟ್ಟಿಯಿಂದ ಎತ್ತಿಕೊಂಡ ಸಂಖ್ಯೆಯೇ ಏಟಿನ ಪ್ರಮಾಣ. 100ನೇ ಲೆವೆಲ್‌ನಲ್ಲಿ ಹೊಡೆಯುವವರ ಯಂತ್ರ 1ರಿಂದ 149ರೊಳಗಿನ ಸಂಖ್ಯೆಯೇ ಬೇಕೆನ್ನುತ್ತದೆ; ಎದುರಿನ ಯಂತ್ರ ಸೊನ್ನೆಯನ್ನೂ ಒಪ್ಪುತ್ತದೆ. ಪಟ್ಟಿಯಲ್ಲಿ ಸೊನ್ನೆ ಬಂತೋ, ನಿಮ್ಮದು ಅದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತದೆ, ಗೆಳೆಯನದು ಅಲ್ಲೇ ನಿಲ್ಲುತ್ತದೆ. ನಿಮ್ಮಲ್ಲಿ ಏಟು ಬಿತ್ತು, ಅಲ್ಲಿ ಬೀಳಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಪಟ್ಟಿಯೇ ಹೆಜ್ಜೆ ತಪ್ಪಿತು, ಇನ್ನು ಗುರಿ, ಕ್ರಿಟಿಕಲ್ ಹಿಟ್ (ಹೆಚ್ಚು ಬಲವಾಗಿ ಬೀಳುವ ಏಟು) ಎಲ್ಲವೂ ಬೇರೆಬೇರೆ.

ನಡುವೆ ಸರಿಪಡಿಸಲು ದಾರಿಯಿಲ್ಲ, ಆ ಪಂದ್ಯ ಬಿಟ್ಟು ಹೊಸದಾಗಿ ಆಡಿ. ಆಟದಲ್ಲಿ ಸಬ್ರಿನಾ ಎಂಬ ಜಿಮ್ ನಾಯಕಿ ಕೊಡುವ, ಸೈವೇವ್ ಕಲಿಸುವ ಟಿಎಂ46 ಅನ್ನು ಚೀಲದಲ್ಲೇ ಇಡಿ. ಸೈಕಿಕ್ ಎಂಬ ಇನ್ನೊಂದು ದಾಳಿ ಗೊತ್ತಿರುವ ಅಲಕಜಾಮ್‌ಗೆ ಅದು ಬೇಕಿಲ್ಲ. ಗೆಳೆಯ ಮೋಸ ಮಾಡಿಲ್ಲ, ದಯವಿಟ್ಟು ಮುನಿಸಿಕೊಳ್ಳಬೇಡಿ.